‘ಟ್ರಂಪ್ ನೇಮಿಸಿದ ನ್ಯಾಯಾಧೀಶ’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಆದೇಶವೊಂದಕ್ಕೆ ಅಲ್ಲಿನ ಯಾವುದಾದರೂ ಕೋರ್ಟು ತಡೆ ಕೊಟ್ಟರೆ ಮರುದಿನವೇ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಎರಡನೇ ಸಾಲಿನಲ್ಲಿ ‘ಒಬಾಮ ನೇಮಿಸಿದ ನ್ಯಾಯಾಧೀಶ’, ‘ಟ್ರಂಪ್ ನೇಮಿಸಿದ ನ್ಯಾಯಾಧೀಶೆ’ ಎಂಬ ಹಣೆಪಟ್ಟಿಯೂ ತಪ್ಪದೆ ಇರುತ್ತದೆ. ಸುದ್ದಿಸಂಸ್ಥೆಗಳು ಕಳಿಸಿದ್ದನ್ನು ಹಾಗೇ ಇಳಿಸಿಕೊಂಡದ್ದು, ಸುಳ್ಳೇನಲ್ಲ. ಆದರೆ ಯಾವ ಹಂತದ ಕೋರ್ಟು, ಯಾವ ರಾಜ್ಯ, ಯಾವ ವರ್ಷ ಎಂಬುದನ್ನು ಬಿಟ್ಟು ಅಧ್ಯಕ್ಷರ ಹೆಸರನ್ನಷ್ಟೇ ಕೊಟ್ಟರೆ ಓದುಗರು ತಪ್ಪು ತೀರ್ಮಾನಕ್ಕೆ ಬರುವುದೇ ಹೆಚ್ಚು. ಯಾಕೆಂದರೆ ನೇಮಕದಲ್ಲಿ ಅಧ್ಯಕ್ಷರ ಕೈ ಎಷ್ಟು, ಸೆನೆಟರ್‌ಗಳ ಕೈ ಎಷ್ಟು ಎಂಬುದು ಈ ಮೂರರ ಮೇಲೆ ನಿಂತಿದೆ.

ಮೊದಲು ಪದೇ ಪದೇ ಅಚ್ಚಾಗುವ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ನ್ಯಾಯಾಧೀಶರ ನೇಮಕಕ್ಕೆ ‘ಅಮೆರಿಕ ಸಂಸತ್ತಿನ ಒಪ್ಪಿಗೆ’ ಬೇಕು ಎಂದು ಬರೆಯುತ್ತಾರೆ. ಇಲ್ಲ, ಸಂವಿಧಾನದ ಎರಡನೇ ವಿಧಿಯ ಪ್ರಕಾರ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಮೇಲ್ಮನೆಯಾದ ಸೆನೆಟ್ ‘ಸಲಹೆ ಮತ್ತು ಸಮ್ಮತಿ’ ನೀಡುತ್ತದೆ. ಕೆಳಮನೆಗೆ ಇದರಲ್ಲಿ ಪಾತ್ರವೇ ಇಲ್ಲ. ಇನ್ನೊಂದು, ಮೂರನೇ ಎರಡರಷ್ಟು ಬಹುಮತ ಬೇಕು ಎಂಬುದು. ಅದು ಬೇಕಾಗುವುದು ವಿದೇಶಿ ಒಪ್ಪಂದಗಳಿಗೆ, ಮಹಾಭಿಯೋಗದಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸುವುದಕ್ಕೆ. ನ್ಯಾಯಾಧೀಶರಿಗೆ ಹಾಜರಿದ್ದು ಮತ ಹಾಕಿದವರಲ್ಲಿ ಸರಳ ಬಹುಮತ ಸಾಕು. ಅಂದೂ ಅಷ್ಟೇ, ಇಂದೂ ಅಷ್ಟೇ. ಸಮಬಲವಾದರೆ ಉಪಾಧ್ಯಕ್ಷರ ಮತ. 2018ರ ಡಿಸೆಂಬರ್‌ನಲ್ಲಿ ಎಂಟನೇ ಸರ್ಕಿಟ್ ಎಂಬ ಮೇಲ್ಮನವಿ ಕೋರ್ಟಿಗೆ ಸೂಚಿಸಿದ್ದ ಜೊನಾಥನ್ ಕೋಬ್ಸ್ ಅವರ ಹೆಸರು 50–50 ಆದಾಗ ಮೈಕ್ ಪೆನ್ಸ್ ಮತ ಹಾಕಿ ಪಾರು ಮಾಡಿದರು. ನ್ಯಾಯಾಧೀಶರೊಬ್ಬರ ವಿಷಯದಲ್ಲಿ ಹಾಗಾದದ್ದು ಅದೇ ಮೊದಲು.

ಆಜೀವ ಅವಧಿಯ ಫೆಡರಲ್ ನ್ಯಾಯಾಧೀಶರ ಹುದ್ದೆಗಳು ಸುಮಾರು 870. ಸುಪ್ರೀಂ ಕೋರ್ಟಿನಲ್ಲಿ 9, ಸರ್ಕಿಟ್ ಎಂದು ಕರೆಯುವ ಮೇಲ್ಮನವಿ ಕೋರ್ಟುಗಳಲ್ಲಿ 179, ಉಳಿದವು ಬಹುಪಾಲು ಡಿಸ್ಟ್ರಿಕ್ಟ್ ಕೋರ್ಟುಗಳವು. ಟೀವಿ ಕ್ಯಾಮೆರಾ ಹೋಗುವುದು ಆ ಒಂಬತ್ತರ ಹತ್ತಿರಕ್ಕೆ ಮಾತ್ರ. ಅಧ್ಯಕ್ಷರ ಆದೇಶಗಳಿಗೆ ತಡೆಯಾಜ್ಞೆಯ ಸುದ್ದಿ ಬರುವುದು ಹೆಚ್ಚಾಗಿ ಡಿಸ್ಟ್ರಿಕ್ಟ್ ಕೋರ್ಟಿನಿಂದ. ಹಣೆಪಟ್ಟಿ ಅತಿ ಹೆಚ್ಚು ದಾರಿ ತಪ್ಪಿಸುವುದೂ ಅಲ್ಲೇ.

ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಒಂದು ಸ್ಥಾನ ತೆರವಾದರೆ ಮೊದಲು ಕೆಲಸ ಶುರುವಾಗುವುದು ಹೆಚ್ಚಾಗಿ ಆ ರಾಜ್ಯದ ಸೆನೆಟರ್‌ಗಳ ಕಚೇರಿಯಲ್ಲಿ. ಎಷ್ಟೋ ಸೆನೆಟರ್‌ಗಳು ವಕೀಲರ ಸಣ್ಣ ಸಮಿತಿಯೊಂದನ್ನು ಇಟ್ಟುಕೊಂಡು ಅರ್ಜಿ ಕರೆದು, ಸಂದರ್ಶನ ಮಾಡಿ, ಎರಡು ಮೂರು ಹೆಸರನ್ನು ಶ್ವೇತಭವನಕ್ಕೆ ಕಳಿಸುತ್ತಾರೆ. ಶ್ವೇತಭವನ ಅವರ ಮಾತು ಕೇಳುವುದಕ್ಕೆ ಕಾರಣ ‘ಬ್ಲೂ ಸ್ಲಿಪ್’ ಎಂಬ ಒಂದು ಹಾಳೆ. ಅಧ್ಯಕ್ಷರ ಸೂಚನೆ ಸೆನೆಟ್ ತಲುಪಿದ ಮೇಲೆ ನ್ಯಾಯಾಂಗ ಸಮಿತಿಯ ಅಧ್ಯಕ್ಷರು ಆ ರಾಜ್ಯದ ಇಬ್ಬರೂ ಸೆನೆಟರ್‌ಗಳಿಗೆ ನೀಲಿ ಬಣ್ಣದ ನಮೂನೆ ಕಳಿಸುತ್ತಾರೆ. ಒಪ್ಪಿಗೆಯೋ ವಿರೋಧವೋ ಗುರುತು ಹಾಕಿ ವಾಪಸು ಕೊಡಬೇಕು. ವಿರೋಧ ಎಂದು ಬರೆದರೂ ಒಂದೇ, ಹಾಳೆಯನ್ನು ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟು ಸುಮ್ಮನಾದರೂ ಒಂದೇ: ಅಭ್ಯರ್ಥಿಯನ್ನು ಸಮಿತಿ ಎದುರಿಗೆ ಕೂರಿಸಿ ಪ್ರಶ್ನಿಸುವ ಹಿಯರಿಂಗ್ ನಿಗದಿಯಾಗುವುದಿಲ್ಲ. ಕಾರಣ ಹೇಳಬೇಕಾಗಿಲ್ಲ. ಗಡುವೂ ಇಲ್ಲ.

ಸುಮಾರು 1917ರಿಂದ ನಡೆದುಬಂದಿರುವ ಈ ಪದ್ಧತಿ ಸಂವಿಧಾನದಲ್ಲಿಲ್ಲ, ಸೆನೆಟ್ ನಿಯಮಾವಳಿಯಲ್ಲಿಲ್ಲ, ಸಮಿತಿಯ ಲಿಖಿತ ನಿಯಮದಲ್ಲೂ ಇಲ್ಲ. ಸಮಿತಿಯ ಅಧ್ಯಕ್ಷರಾದವರು ಎಷ್ಟು ಮನ್ನಿಸುತ್ತಾರೋ ಅಷ್ಟೇ ಅದರ ಬೆಲೆ. 1956ರಿಂದ 1978ರವರೆಗೆ ಆ ಕುರ್ಚಿಯಲ್ಲಿದ್ದ ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲೆಂಡ್ ಒಬ್ಬ ಸೆನೆಟರ್ ಬೇಡ ಎಂದರೂ ಅಲ್ಲಿಗೆ ಮುಗಿಯಿತು ಎಂಬ ರೂಢಿ ಹಾಕಿದರು. ವರ್ಣಭೇದ ನೀತಿಯ ವಿರುದ್ಧ ತೀರ್ಪು ಕೊಡಬಲ್ಲವರು ದಕ್ಷಿಣದ ರಾಜ್ಯಗಳ ಪೀಠಕ್ಕೆ ಬಾರದಂತೆ ನೋಡಿಕೊಳ್ಳಲು ಅದು ಅನುಕೂಲವಾಗಿತ್ತು. ಮುಂದೆ ಬಂದವರು ತಮ್ಮ ತಮ್ಮ ಕಾಲಕ್ಕೆ ಸಡಿಲಿಸಿದರು, ಮತ್ತೆ ಬಿಗಿ ಮಾಡಿದರು.

ಡಿಸ್ಟ್ರಿಕ್ಟ್ ಕೋರ್ಟಿನ ಮಟ್ಟಿಗೆ ಅದು ಇವತ್ತಿಗೂ ಜೀವಂತ. ಬೈಡನ್ ಕಾಲದಲ್ಲಿ ಉತ್ತರ ಮಿಸಿಸಿಪ್ಪಿಯ ಸ್ಥಾನಕ್ಕೆ ಸೂಚಿಸಿದ ಹೆಸರಿಗೆ ಆ ರಾಜ್ಯದ ಒಬ್ಬ ರಿಪಬ್ಲಿಕನ್ ಸೆನೆಟರ್ ರೋಜರ್ ವಿಕರ್ ಒಪ್ಪಿಗೆ ಕೊಟ್ಟಿದ್ದರು. ಇನ್ನೊಬ್ಬರು, ಸಿಂಡಿ ಹೈಡ್-ಸ್ಮಿತ್, 2023ರಲ್ಲಿ ಒಲ್ಲೆ ಎಂದರು. ಸಮಿತಿಯ ಆಗಿನ ಅಧ್ಯಕ್ಷ ಡಿಕ್ ಡರ್ಬಿನ್ ಡೆಮಾಕ್ರಟ್, ಸದನದಲ್ಲಿ ಬಹುಮತವೂ ಡೆಮಾಕ್ರಟರದ್ದೇ. ಆದರೂ ನೂರರಲ್ಲಿ ಒಬ್ಬರ ಒಂದು ಹಾಳೆ ಹೆಸರನ್ನು ನಿಲ್ಲಿಸಿತು. 2025ರಲ್ಲಿ ಟ್ರಂಪ್ ಇದೇ ಪದ್ಧತಿಯನ್ನು ಕಿತ್ತುಹಾಕಿ ಎಂದು ಸಮಿತಿಯ ಅಧ್ಯಕ್ಷರಾದ ತಮ್ಮದೇ ಪಕ್ಷದ ಚಕ್ ಗ್ರಾಸ್ಲಿ ಮೇಲೆ ಬಹಿರಂಗವಾಗಿ ಹರಿಹಾಯ್ದರು, ಗ್ರಾಸ್ಲಿ ಬಗ್ಗಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಹಳೆಯ ಸೆನೆಟರ್‌ಗಳಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಎದುರು ಪಕ್ಷದ ಸೆನೆಟರ್‌ಗಳಿರುವ ರಾಜ್ಯದಿಂದ ಬಂದ ಡಿಸ್ಟ್ರಿಕ್ಟ್ ನ್ಯಾಯಾಧೀಶರು ಬಹುತೇಕ ಚೌಕಾಸಿಯ ಫಲ. ಸೋನಿಯಾ ಸೊಟೊಮೇಯರ್ ಅವರನ್ನೇ ನೋಡಿ. ಇಂದು ಸುಪ್ರೀಂ ಕೋರ್ಟಿನ ಉದಾರವಾದಿ ಬಣದಲ್ಲಿ ಎದ್ದು ಕಾಣುವ ಅವರನ್ನು 1991ರಲ್ಲಿ ನ್ಯೂಯಾರ್ಕಿನ ಡಿಸ್ಟ್ರಿಕ್ಟ್ ಕೋರ್ಟಿಗೆ ಸೂಚಿಸಿದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್. ಹೆಸರು ಕೊಟ್ಟವರು ಡೆಮಾಕ್ರಟಿಕ್ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. ಶ್ವೇತಭವನದಲ್ಲಿ ಯಾರೇ ಇರಲಿ, ಒಂದಷ್ಟು ಸ್ಥಾನಗಳಿಗೆ ಹೆಸರು ಸೂಚಿಸುವ ಪಾಲು ಎದುರು ಪಕ್ಷದ ಸೆನೆಟರ್‌ಗೂ ಸಿಗಲಿ ಎಂದು ನ್ಯೂಯಾರ್ಕಿನ ಇಬ್ಬರೂ ಸೆನೆಟರ್‌ಗಳು ಒಪ್ಪಂದ ಮಾಡಿಕೊಂಡಿದ್ದರು. ‘ಬುಷ್ ನೇಮಿಸಿದ’ ಎಂಬ ಹಣೆಪಟ್ಟಿ ಆ ಕಾಲದಲ್ಲಿ ಅವರಿಗೂ ಹತ್ತಿತ್ತು! ಮುಂದೆ ಕ್ಲಿಂಟನ್ 1997ರಲ್ಲಿ ಅವರನ್ನು ಎರಡನೇ ಸರ್ಕಿಟ್‌ಗೆ ಸೂಚಿಸಿದಾಗ ಕತೆ ಬೇರೆಯಾಯಿತು. ಈಕೆ ಮುಂದೆ ಸುಪ್ರೀಂ ಕೋರ್ಟಿಗೆ ಹೋಗಬಹುದೆಂಬ ಆತಂಕದಲ್ಲಿ ರಿಪಬ್ಲಿಕನ್ನರು ಒಂದು ವರ್ಷಕ್ಕೂ ಹೆಚ್ಚು ಎಳೆದಾಡಿದರು. 1998ರ ಅಕ್ಟೋಬರ್‌ನಲ್ಲಿ 67–29ರಿಂದ ಒಪ್ಪಿಗೆ ಸಿಕ್ಕಿತು.

ಇದಕ್ಕೊಂದು ಅಪವಾದ ರಾಜಧಾನಿ ವಾಷಿಂಗ್ಟನ್. ಆ ಪ್ರದೇಶಕ್ಕೆ ಸೆನೆಟರ್‌ಗಳೇ ಇಲ್ಲ, ಆದ್ದರಿಂದ ಅಲ್ಲಿನ ಡಿಸ್ಟ್ರಿಕ್ಟ್ ಕೋರ್ಟಿಗಾಗಲಿ ಸರ್ಕಿಟ್ ಕೋರ್ಟಿಗಾಗಲಿ ಬ್ಲೂ ಸ್ಲಿಪ್ಪಿನ ಜರಡಿ ಇಲ್ಲ. ಸರ್ಕಾರದ ವಿರುದ್ಧದ ದೊಡ್ಡ ಮೊಕದ್ದಮೆಗಳು ಹೆಚ್ಚಾಗಿ ಅಲ್ಲೇ ದಾಖಲಾಗುವುದರಿಂದ ಇದು ಸಣ್ಣ ವಿಷಯವಲ್ಲ. ಜರಡಿ ಇಲ್ಲದಿದ್ದರೆ ಏನಾಗಬಹುದು ಎಂಬುದು 2017ರ ಡಿಸೆಂಬರ್‌ನಲ್ಲಿ ಕಂಡಿತು. ಅಲ್ಲಿನ ಡಿಸ್ಟ್ರಿಕ್ಟ್ ಕೋರ್ಟಿಗೆ ಟ್ರಂಪ್ ಸೂಚಿಸಿದ್ದ ಅಭ್ಯರ್ಥಿಯನ್ನು ಲೂಯಿಸಿಯಾನದ ರಿಪಬ್ಲಿಕನ್ ಸೆನೆಟರ್ ಜಾನ್ ಕೆನಡಿ ಒಂದೊಂದಾಗಿ ಕೇಳಿದರು: ಜ್ಯೂರಿ ಎದುರು ಎಷ್ಟು ಕೇಸು ನಡೆಸಿದ್ದೀರಿ? ಇಲ್ಲ. ಸಿವಿಲ್? ಇಲ್ಲ. ಕ್ರಿಮಿನಲ್? ಇಲ್ಲ. ಜ್ಯೂರಿ ಇಲ್ಲದ ವಿಚಾರಣೆ? ಅದೂ ಇಲ್ಲ. ಸಾಕ್ಷ್ಯ ಕಾನೂನಿನ ಪ್ರಾಥಮಿಕ ಪ್ರಶ್ನೆಗಳಿಗೂ ಉತ್ತರ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಹಿಂದೆ ಸರಿದರು. ರಾಜ್ಯದ ವಕೀಲರ ಸಮಿತಿಯೊಂದು ಮೊದಲೇ ಕೂರಿಸಿಕೊಂಡು ಮಾತನಾಡಿಸಿದ್ದರೆ ಆ ಹೆಸರು ವಾಷಿಂಗ್ಟನ್ ಮುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಅಂದಾಜು.

ಅದೇ ಕೋರ್ಟಿನ ಜೇಮ್ಸ್ ಬೋಸ್‌ಬರ್ಗ್ 2025ರ ಮಾರ್ಚ್‌ನಲ್ಲಿ ಗಡೀಪಾರು ವಿಮಾನಗಳಿಗೆ ತಡೆ ಕೊಟ್ಟಾಗ ಎಲ್ಲೆಡೆ ‘ಒಬಾಮ ನೇಮಿಸಿದ’ ಎಂದೇ ಬಂತು. ಅವರನ್ನು ಮೊದಲು ವಾಷಿಂಗ್ಟನ್ನಿನ ಸ್ಥಳೀಯ ಸುಪೀರಿಯರ್ ಕೋರ್ಟಿಗೆ ನೇಮಿಸಿದವರು ಜಾರ್ಜ್ ಡಬ್ಲ್ಯು. ಬುಷ್; ಫೆಡರಲ್ ಪೀಠಕ್ಕೆ ಒಬಾಮ ಸೂಚಿಸಿದಾಗ 2011ರಲ್ಲಿ ಸೆನೆಟ್ ಕೊಟ್ಟ ಮತ 96–0. ಆವತ್ತು ಹಾಜರಿದ್ದ ಒಬ್ಬ ರಿಪಬ್ಲಿಕನ್ನರೂ ವಿರೋಧಿಸಿರಲಿಲ್ಲ ಎಂಬುದು ಓದುಗರಿಗೆ ಗೊತ್ತಾಗಬೇಡವೇ?

ಸರ್ಕಿಟ್ ಕೋರ್ಟುಗಳ ಲೆಕ್ಕವೇ ಬೇರೆ. ಅಲ್ಲಿ ಬ್ಲೂ ಸ್ಲಿಪ್ ಸತ್ತು ವರ್ಷಗಳಾದವು. ಟ್ರಂಪ್ ಎಂಟನೇ ಸರ್ಕಿಟ್‌ಗೆ ಡೇವಿಡ್ ಸ್ಟ್ರಾಸ್ ಅವರ ಹೆಸರು ಕಳಿಸಿದಾಗ ಮಿನೆಸೋಟದ ಡೆಮಾಕ್ರಟಿಕ್ ಸೆನೆಟರ್ ಅಲ್ ಫ್ರಾಂಕನ್ ಹಾಳೆ ವಾಪಸು ಕೊಡಲಿಲ್ಲ. ಆಗಲೂ ಸಮಿತಿಯ ಅಧ್ಯಕ್ಷರಾಗಿದ್ದ ಗ್ರಾಸ್ಲಿ 2017ರ ನವೆಂಬರ್‌ನಲ್ಲಿ ಹಿಯರಿಂಗ್ ನಡೆಸಿಯೇಬಿಟ್ಟರು. 2019ರ ಫೆಬ್ರುವರಿಯಲ್ಲಿ ಇನ್ನೊಂದು ಹೆಜ್ಜೆ: ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದ ಇಬ್ಬರೂ ಸೆನೆಟರ್‌ಗಳು ಬೇಡ ಎಂದಿದ್ದ ಎರಿಕ್ ಮಿಲ್ಲರ್ ಒಂಬತ್ತನೇ ಸರ್ಕಿಟ್ ಸೇರಿದರು. ಡೆಮಾಕ್ರಟರು ಗದ್ದಲ ಮಾಡಿದರು, ತಮ್ಮ ಸರದಿ ಬಂದಾಗ ಅದೇ ದಾರಿಯಲ್ಲಿ ನಡೆದರು. ಹೀಗಾಗಿ 2018ರ ನಂತರದ ಸರ್ಕಿಟ್ ನ್ಯಾಯಾಧೀಶರಿಗೆ ‘ಟ್ರಂಪ್ ನೇಮಿಸಿದ’, ‘ಬೈಡನ್ ನೇಮಿಸಿದ’ ಎನ್ನುವುದು ಬಹುಮಟ್ಟಿಗೆ ಸರಿ. ಅಲ್ಲಿ ಆಯ್ಕೆ ಶ್ವೇತಭವನದ ಕಾನೂನು ಸಲಹೆಗಾರರ ಕಚೇರಿಯದ್ದೇ.

ಸಮಿತಿಯೊಳಗಿನ ಹಂತಗಳನ್ನು ಬೇಗ ಮುಗಿಸುತ್ತೇನೆ. ಅಭ್ಯರ್ಥಿ ತಾನು ಬರೆದದ್ದು, ಮಾತಾಡಿದ್ದು, ನಡೆಸಿದ ಕೇಸು, ಆಸ್ತಿ ಎಲ್ಲದರ ವಿವರವಾದ ಪ್ರಶ್ನಾವಳಿ ತುಂಬಬೇಕು. ಎಫ್‌ಬಿಐ ಹಿನ್ನೆಲೆ ತಪಾಸಣೆ ಮಾಡುತ್ತದೆ. ವಕೀಲರ ಸಂಘವಾದ ಎಬಿಎ 1953ರಿಂದ ಅರ್ಹತೆಯ ಶ್ರೇಣಿ ಕೊಡುತ್ತಾ ಬಂದಿದೆ, ಈಗ ಅದನ್ನು ಕೇಳುವವರು ಕಡಿಮೆ. ಕೆಳ ಕೋರ್ಟಿನ ಹಿಯರಿಂಗ್ ಎಂದರೆ ಸರ್ಕಿಟ್ ಅಭ್ಯರ್ಥಿ ಮೊದಲು, ನಾಲ್ಕೈದು ಡಿಸ್ಟ್ರಿಕ್ಟ್ ಅಭ್ಯರ್ಥಿಗಳು ಆಮೇಲೆ ಒಟ್ಟಿಗೆ, ಒಬ್ಬ ಸೆನೆಟರ್‌ಗೆ ಐದು ನಿಮಿಷ. ಬಳಿಕ ಲಿಖಿತ ಪ್ರಶ್ನೆಗಳು. ಸಮಿತಿಯ ಮತಕ್ಕೆ ಬಂದ ದಿನ ಯಾವ ಸದಸ್ಯರಾದರೂ ಒಂದು ವಾರ ಮುಂದೂಡಲು ಕೇಳಬಹುದು, ಬಹುತೇಕ ಪ್ರತಿ ಬಾರಿಯೂ ಕೇಳುತ್ತಾರೆ. ಸಮಿತಿಯಲ್ಲಿ ಸಮಬಲವಾದರೂ ಕತೆ ಮುಗಿಯುವುದಿಲ್ಲ: 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರ ಹೆಸರು 11–11 ಆದಾಗ ಇಡೀ ಸದನ 53–47ರಿಂದ ಅದನ್ನು ಸಮಿತಿಯ ಕೈಯಿಂದ ಬಿಡಿಸಿಕೊಂಡಿತು.

ಸದನಕ್ಕೆ ಬಂದ ಮೇಲೆ ಆಟವೆಲ್ಲ ಗಡಿಯಾರದ್ದು. ‘ಮೊದಲು 60 ಮತ ಬೇಕಿತ್ತು, ಈಗ 51 ಸಾಕು’ ಎಂದು ಬರೆಯುವಾಗ ಆ 60 ಯಾವುದಕ್ಕೆ ಎಂಬುದು ಬಿಟ್ಟುಹೋಗುತ್ತದೆ. ಅದು ನೇಮಕಕ್ಕಲ್ಲ, ಚರ್ಚೆ ನಿಲ್ಲಿಸುವುದಕ್ಕೆ. ಚರ್ಚೆ ಮುಗಿಸುವ ಕ್ಲೋಚರ್ ಸೂಚನೆಗೆ 60 ಮತ ಸಿಗದಿದ್ದರೆ ಅಂತಿಮ ಮತದಾನವೇ ಬರುತ್ತಿರಲಿಲ್ಲ. ಆದರೂ ಈ ಅಸ್ತ್ರವನ್ನು ಎಲ್ಲರ ಮೇಲೂ ಬಳಸುತ್ತಿರಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟಿನ ಅಭ್ಯರ್ಥಿ ಕ್ಲಾರೆನ್ಸ್ ಥಾಮಸ್ 52–48ರಲ್ಲಿ ಗೆದ್ದರು. ವಿರೋಧಿಗಳ ಬಳಿ ತಡೆಯುವಷ್ಟು ಸಂಖ್ಯೆ ಇತ್ತು, ತಡೆಯಲಿಲ್ಲ. 2003ರ ಹೊತ್ತಿಗೆ ಡೆಮಾಕ್ರಟರು ಜಾರ್ಜ್ ಡಬ್ಲ್ಯು. ಬುಷ್ ಸೂಚಿಸಿದ ಮಿಗೆಲ್ ಎಸ್ಟ್ರಾಡ ಅವರ ಮೇಲೆ ಏಳು ಬಾರಿ ಕ್ಲೋಚರ್ ಸೋಲಿಸಿದರು. ಒಬಾಮ ಕಾಲಕ್ಕೆ ರಿಪಬ್ಲಿಕನ್ನರು ರಾಜಧಾನಿ ವಾಷಿಂಗ್ಟನ್ನಿನ ಸರ್ಕಿಟ್‌ನ ಹನ್ನೊಂದು ಸ್ಥಾನಗಳಲ್ಲಿ ಖಾಲಿಯಿದ್ದ ಮೂರನ್ನು ತುಂಬಲು ಬಿಡುವುದಿಲ್ಲ ಎಂದರು.

2013ರ ನವೆಂಬರ್ 21ರಂದು ಡೆಮಾಕ್ರಟಿಕ್ ಬಹುಮತ ನಾಯಕ ಹ್ಯಾರಿ ರೀಡ್ ಮಾಡಿದ್ದನ್ನು ನಮ್ಮ ವಿಧಾನಸಭೆಯ ಕಲಾಪ ನೋಡಿದವರು ಸುಲಭವಾಗಿ ಹಿಡಿಯಬಲ್ಲರು. ನಿಯಮ ತಿದ್ದಲು ಹೋಗಿದ್ದರೆ ಅದರ ಚರ್ಚೆ ನಿಲ್ಲಿಸಲೇ ಮೂರನೇ ಎರಡರಷ್ಟು ಮತ ಬೇಕಿತ್ತು. ಆದ್ದರಿಂದ ಅವರು ಕ್ರಿಯಾಲೋಪ ಎತ್ತಿದರು: ಸುಪ್ರೀಂ ಕೋರ್ಟು ಬಿಟ್ಟು ಉಳಿದ ನಾಮನಿರ್ದೇಶನಗಳಿಗೆ ಕ್ಲೋಚರ್‌ಗೆ ಸರಳ ಬಹುಮತ ಸಾಕು. ಸಭಾಧ್ಯಕ್ಷರ ಪೀಠ ಹಳೆಯ ರೂಢಿಯಂತೆ ‘ಸರಿಯಲ್ಲ’ ಎಂದು ರೂಲಿಂಗ್ ಕೊಟ್ಟಿತು. ರೀಡ್ ಸದನಕ್ಕೇ ಮೇಲ್ಮನವಿ ಸಲ್ಲಿಸಿದರು. ಪೀಠದ ರೂಲಿಂಗ್ ನಿಲ್ಲಬೇಕೇ ಎಂಬ ಪ್ರಶ್ನೆಗೆ ಸದನ 48–52ರಿಂದ ‘ಬೇಡ’ ಎಂದಿತು. ಮುಗಿಯಿತು, ಹೊಸ ಪೂರ್ವನಿದರ್ಶನ ಹುಟ್ಟಿತು. ನಿಯಮಪುಸ್ತಕದ 22ನೇ ನಿಯಮದಲ್ಲಿ ಇವತ್ತಿಗೂ ಐದನೇ ಮೂರರಷ್ಟು ಎಂದೇ ಅಚ್ಚಾಗಿದೆ! ಮಾಡಿದ್ದುಣ್ಣೋ ಮಹಾರಾಯ ಎಂಬಂತೆ, 2017ರ ಏಪ್ರಿಲ್ 6ರಂದು ರಿಪಬ್ಲಿಕನ್ ಬಹುಮತ ನಾಯಕ ಮಿಚ್ ಮೆಕಾನೆಲ್ ಇದೇ ವಿದ್ಯೆಯನ್ನು ಸುಪ್ರೀಂ ಕೋರ್ಟಿಗೂ ವಿಸ್ತರಿಸಿದರು. ಮರುದಿನ ನೀಲ್ ಗೋರ್ಸಚ್ 54–45ರಲ್ಲಿ ಪಾಸಾದರು.

ಸಂಖ್ಯೆಯ ಅಡ್ಡಿ ಹೋದ ಮೇಲೆ ಉಳಿದದ್ದು ಸಮಯದ ಅಡ್ಡಿ. ಕ್ಲೋಚರ್ ಸೂಚನೆಗೆ 16 ಸೆನೆಟರ್‌ಗಳ ಸಹಿ ಬೇಕು. ಸೋಮವಾರ ಸಲ್ಲಿಸಿದರೆ ನಡುವೆ ಒಂದು ದಿನ ಬಿಟ್ಟು ಬುಧವಾರ ಮತ, ಬಳಿಕ 30 ಗಂಟೆಯವರೆಗೆ ಚರ್ಚೆ, ಅಂದರೆ ಒಬ್ಬ ನ್ಯಾಯಾಧೀಶರಿಗೆ ಒಂದು ವಾರದ ಕಲಾಪವೇ ಹೋಗಬಹುದು. 2019ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ನರು ಡಿಸ್ಟ್ರಿಕ್ಟ್ ನ್ಯಾಯಾಧೀಶರ ಮಟ್ಟಿಗೆ ಆ 30 ಗಂಟೆಯನ್ನು 2 ಗಂಟೆಗೆ ಇಳಿಸಿದರು. ಸರ್ಕಿಟ್ ಮತ್ತು ಸುಪ್ರೀಂ ಕೋರ್ಟಿಗೆ 30 ಗಂಟೆಯೇ ಉಳಿಯಿತು. ಜಾಣ ನಾಯಕರು ಗುರುವಾರ ಐದಾರು ಸೂಚನೆಗಳನ್ನು ಒಟ್ಟಿಗೆ ಸಲ್ಲಿಸಿ ಊರಿಗೆ ಹೋಗುತ್ತಾರೆ. ನಡುವಿನ ದಿನ ಎಲ್ಲಕ್ಕೂ ಒಮ್ಮೆಲೇ ಕಳೆಯುತ್ತದೆ, ಮುಂದಿನ ವಾರ ಸಾಲಾಗಿ ಮತ ಹಾಕಿಸುತ್ತಾರೆ. 2025ರಲ್ಲಿ ಕಾರ್ಯಾಂಗದ ಕಿರಿಯ ಹುದ್ದೆಗಳಿಗೆ ಹತ್ತಾರು ಹೆಸರುಗಳನ್ನು ಒಂದೇ ಮತಕ್ಕೆ ಹಾಕುವ ದಾರಿ ಮಾಡಿಕೊಂಡರೂ ನ್ಯಾಯಾಧೀಶರನ್ನು ಅದರಿಂದ ಹೊರಗಿಟ್ಟರು.

ಸೆನೆಟ್‌ನಲ್ಲಿ ಬಹುಮತವಿಲ್ಲದ ಅಧ್ಯಕ್ಷರಿಗೆ ಈ ಗಡಿಯಾರವೇ ಯಮ. ಸುಪ್ರೀಂ ಕೋರ್ಟಿನ ಅಂಟೋನಿನ್ ಸ್ಕಾಲಿಯಾ ನಿಧನದ ನಂತರ 2016ರ ಮಾರ್ಚ್ 16ರಂದು ಒಬಾಮ ಸೂಚಿಸಿದ ಮೆರಿಕ್ ಗಾರ್ಲೆಂಡ್ ಹೆಸರನ್ನು ಸೆನೆಟ್ ತಿರಸ್ಕರಿಸಲಿಲ್ಲ. ಹಿಯರಿಂಗೇ ಇಲ್ಲದೆ 293 ದಿನ ಬಿದ್ದಿದ್ದು 2017ರ ಜನವರಿ 3ರಂದು ಆ ಅವಧಿಯ ಸೆನೆಟ್ ಮುಗಿದಾಗ ತಾನಾಗಿ ಕೊನೆಗೊಂಡಿತು. ಚುನಾವಣಾ ವರ್ಷ, ಜನರೇ ನಿರ್ಧರಿಸಲಿ ಎಂಬುದು ಬಹುಮತದಲ್ಲಿದ್ದ ರಿಪಬ್ಲಿಕನ್ನರ ಅಂದಿನ ವಾದ. 2020ರ ಸೆಪ್ಟೆಂಬರ್ 18ರಂದು ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಅದೇ ಮಂದಿ 38 ದಿನಗಳಲ್ಲಿ ಏಮಿ ಕೋನಿ ಬ್ಯಾರೆಟ್ ಅವರನ್ನು ಕೂರಿಸಿದರು. ಚುನಾವಣೆಗೆ ಉಳಿದಿದ್ದದ್ದು ಎಂಟು ದಿನ. ಗಾರ್ಲೆಂಡ್ ಹೆಸರು ಎಲ್ಲರಿಗೂ ಗೊತ್ತು. ಆದರೆ 2015–16ರ ಎರಡು ವರ್ಷಗಳಲ್ಲಿ ಮೇಲ್ಮನವಿ ಕೋರ್ಟುಗಳಿಗೆ ಇಬ್ಬರೇ ಇಬ್ಬರಿಗೆ ಒಪ್ಪಿಗೆ ಸಿಕ್ಕಿತು, ಟ್ರಂಪ್ ಬಂದಾಗ ನೂರಕ್ಕೂ ಹೆಚ್ಚು ಖಾಲಿ ಕುರ್ಚಿಗಳು ಕಾದಿದ್ದವು ಎಂಬುದನ್ನು ಗಮನಿಸಿದವರು ವಿರಳ. ಪರಿಣಾಮದ ದೃಷ್ಟಿಯಿಂದ ಅದೂ ಕಡಿಮೆಯದ್ದಲ್ಲ.

ಮತದ ಅಂಕಿಗಳಲ್ಲಿ ಇದೆಲ್ಲ ಎದ್ದು ಕಾಣುತ್ತದೆ. 1986ರಲ್ಲಿ ಸ್ಕಾಲಿಯಾಗೆ 98–0, 1993ರಲ್ಲಿ ಗಿನ್ಸ್‌ಬರ್ಗ್‌ಗೆ 96–3. ಸಿದ್ಧಾಂತದಲ್ಲಿ ಇಬ್ಬರೂ ಉತ್ತರ ದಕ್ಷಿಣ. ಬ್ರೆಟ್ ಕವನಾ ಹೊತ್ತಿಗೆ, 2018ರಲ್ಲಿ, 50–48, ಜಾಕ್ಸನ್‌ಗೆ 53–47. ಎದುರು ಪಕ್ಷದ ಏಳೆಂಟು ಮತವಾದರೂ ಬೇಕು ಎಂದಿದ್ದಾಗ ಶ್ವೇತಭವನ ಅದಕ್ಕೆ ತಕ್ಕ ಹೆಸರು ಹುಡುಕುತ್ತಿತ್ತು. ಬೇಡವಾದ ಮೇಲೆ ಹುಡುಕುವುದು ಬಿಟ್ಟಿತು. ಸುಪ್ರೀಂ ಕೋರ್ಟಿನ ನಾಲ್ಕು ದಿನದ ಹಿಯರಿಂಗ್ ಕೂಡ ಹಾಗೇ ಟೊಳ್ಳಾಯಿತು. 1987ರಲ್ಲಿ ರಾಬರ್ಟ್ ಬೋರ್ಕ್ ತಮ್ಮ ಅಭಿಪ್ರಾಯಗಳನ್ನು ಬಿಚ್ಚಿಟ್ಟು 42–58ರಲ್ಲಿ ಸೋತರು. ಆಮೇಲೆ ಬಂದವರು ‘ಮುಂದೆ ನನ್ನೆದುರು ಬರಬಹುದಾದ ಪ್ರಶ್ನೆ’ ಎಂದು ನುಣುಚಿಕೊಳ್ಳುವುದನ್ನು ಕಲಿತರು. ಅವರ ಉತ್ತರವನ್ನು ಮುಖಪುಟದಲ್ಲಿ ವಿಶ್ಲೇಷಿಸುವುದು ಜಾಗದ ದಂಡ.

ನ್ಯಾಯಾಧೀಶರೂ ಈ ಲೆಕ್ಕ ಹಾಕುತ್ತಾರೆ. 65 ವಯಸ್ಸು, 15 ವರ್ಷ ಸೇವೆ ಆದವರು ಸಂಬಳ ಉಳಿಸಿಕೊಂಡು ‘ಸೀನಿಯರ್’ ದರ್ಜೆಗೆ ಸರಿಯಬಹುದು. ಅವರ ಸ್ಥಾನ ತೆರವಾಗುತ್ತದೆ. ‘ಉತ್ತರಾಧಿಕಾರಿಗೆ ಒಪ್ಪಿಗೆ ಸಿಕ್ಕ ಮೇಲೆ’ ಎಂಬ ಷರತ್ತಿನೊಂದಿಗೆ ಪತ್ರ ಕೊಡುವವರು ಹಲವರು. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ಎರಡೂ ಪಕ್ಷಗಳು ರಾಜಿಗೆ ಬಂದವು: ಡಿಸ್ಟ್ರಿಕ್ಟ್ ಹೆಸರುಗಳಿಗೆ ಮತ ಹಾಕಲು ರಿಪಬ್ಲಿಕನ್ನರು ಅಡ್ಡಿ ಮಾಡುವುದಿಲ್ಲ, ಬೈಡನ್‌ರ ನಾಲ್ಕು ಸರ್ಕಿಟ್ ಹೆಸರುಗಳನ್ನು ಡೆಮಾಕ್ರಟರು ಮತಕ್ಕೆ ತರುವುದಿಲ್ಲ. ಕೊನೆಗೆ ಬೈಡನ್ ಲೆಕ್ಕ 235, ಟ್ರಂಪ್ ಮೊದಲ ಅವಧಿಯ 234ಕ್ಕಿಂತ ಒಂದು ಹೆಚ್ಚು. ಆದರೆ ಸರ್ಕಿಟ್‌ನಲ್ಲಿ ಬೈಡನ್‌ರ 45ಕ್ಕೆ ಟ್ರಂಪ್‌ರ 54. ಒಟ್ಟು ಮೊತ್ತವನ್ನಷ್ಟೇ ಬರೆದರೆ ಯಾರು ಏನು ಗಳಿಸಿದರು ಎಂಬುದೇ ಮುಚ್ಚಿಹೋಗುತ್ತದೆ. ರಾಜಿಯ ನಂತರ ನಾಲ್ಕನೇ ಸರ್ಕಿಟ್‌ನ ನ್ಯಾಯಾಧೀಶರೊಬ್ಬರು ಸೀನಿಯರ್ ದರ್ಜೆಗೆ ಸರಿಯುವ ತಮ್ಮ ಪತ್ರವನ್ನೇ ವಾಪಸು ಪಡೆದರು.

2024ರ ಡಿಸೆಂಬರ್‌ನಲ್ಲಿ ಇನ್ನೊಂದು ನಡೆಯಿತು. ಕೇಸುಗಳ ಹೊರೆ ಇಳಿಸಲು 66 ಹೊಸ ಡಿಸ್ಟ್ರಿಕ್ಟ್ ಹುದ್ದೆಗಳನ್ನು ವರ್ಷಗಳ ಕಾಲ ಕಂತುಗಳಲ್ಲಿ ಸೃಷ್ಟಿಸುವ ಮಸೂದೆಗೆ ಸೆನೆಟ್ ಆಗಸ್ಟ್‌ನಲ್ಲೇ ಸರ್ವಾನುಮತ ಕೊಟ್ಟಿತ್ತು. ಮುಂದಿನ ಅಧ್ಯಕ್ಷರು ಯಾರೆಂದು ಗೊತ್ತಾಗುವ ಮೊದಲೇ ಮುಗಿಸಬೇಕೆಂಬುದೇ ಅದರ ಮರ್ಮ. ಕೆಳಮನೆ ಚುನಾವಣೆ ಮುಗಿಯುವವರೆಗೆ ಕಾದು ಮತ ಹಾಕಿತು. ಬೈಡನ್ ಡಿಸೆಂಬರ್ 23ರಂದು ವೀಟೊ ಮಾಡಿದರು. ಹುದ್ದೆ ಬೇಕೆಂಬುದರಲ್ಲಿ ಆಗಸ್ಟ್‌ನಲ್ಲಿ ಸೆನೆಟ್‌ನ ಯಾರಿಗೂ ತಕರಾರಿರಲಿಲ್ಲ.

ಪತ್ರಿಕೆಗೆ ನನ್ನ ಕೋರಿಕೆ ಇಷ್ಟೇ. ಅಧ್ಯಕ್ಷರ ಹೆಸರಿನ ಜೊತೆ ಕೋರ್ಟಿನ ಹಂತ, ಒಪ್ಪಿಗೆ ಸಿಕ್ಕ ವರ್ಷ, ಸೆನೆಟ್ ಮತ, ಡಿಸ್ಟ್ರಿಕ್ಟ್ ಆದರೆ ಆಗ ಆ ರಾಜ್ಯದ ಸೆನೆಟರ್‌ಗಳು ಯಾವ ಪಕ್ಷದವರು ಎಂಬುದನ್ನೂ ಕೊಡಿ. ಫೆಡರಲ್ ಜುಡಿಷಿಯಲ್ ಸೆಂಟರ್‌ನ ಜಾಲತಾಣದಲ್ಲಿ 1789ರಿಂದ ಇಲ್ಲಿಯವರೆಗಿನ ಪ್ರತಿ ನ್ಯಾಯಾಧೀಶರ ಪುಟವಿದೆ. ಯಾರು ಸೂಚಿಸಿದರು, ಯಾರಿಂದ ತೆರವಾದ ಸ್ಥಾನ, ಯಾವ ದಿನ ಒಪ್ಪಿಗೆ ಎಲ್ಲವೂ ಸಿಗುತ್ತವೆ. ಮತದ ವಿವರ ಸೆನೆಟ್‌ನ ತಾಣದಲ್ಲಿದೆ. ಹಳೆಯ ಡಿಸ್ಟ್ರಿಕ್ಟ್ ನೇಮಕಗಳಲ್ಲಿ ಬಹಳಷ್ಟಕ್ಕೆ ಮತಗಣನೆಯೇ ನಡೆದಿಲ್ಲ, ಅಂಥ ಕಡೆ ‘ಧ್ವನಿಮತ’ ಎಂದು ಬರೆದರೆ ಆಯಿತು.

ಇಂತಿ,
ನಿಮ್ಮ ಪತ್ರಿಕೆಯ ಓದುಗ